ಐವರಿರುವ ಮನೆಯ ಟಿಪ್ಪಣಿಗಳು

1

ಕೇರಳದ ಕಾಸರಗೋಡು ಸೀಮೆಯ ಬದಿಯಡ್ಕ ಪೇಟೆಯಿಂದ ನೀರ್ಚಾಲು ಕಡೆಗೆ ಹೋಗುವ ದಾರಿಯಲ್ಲಿ, ಅಡಕೆ ತೋಟದ ನಡುವೆ ಒಂದು ಮನೆ. ಮನೆಮಾತು ತುಳು. ಅಣ್ಣ, ತಮ್ಮ, ಅಕ್ಕ, ತಂಗಿ ಎಲ್ಲ ಸೇರಿ ಐವರು. ತಂದೆಗೆ ಮೊದಲ ಹೆಂಡತಿಯಲ್ಲಿ ಇಬ್ಬರು ಗಂಡುಮಕ್ಕಳು. ಆಕೆ ತೀರಿಹೋದರು. ಎರಡನೆಯ ಹೆಂಡತಿಯಾಗಿ ಬಂದವರು ವಿಧವೆ. ನಾಲ್ಕು ವರ್ಷದ ಮಗಳ ಕೈಹಿಡಿದುಕೊಂಡು ಬಂದರು. ಆಮೇಲೆ ಈ ದಂಪತಿಗೆ ಒಂದು ಗಂಡು, ಒಂದು ಹೆಣ್ಣು. ತಂದೆ ಈಗಿಲ್ಲ. ತಾಯಿ ಇದ್ದಾರೆ.

ಇಷ್ಟನ್ನು ನನಗೆ ಹೇಳಿದ್ದು ಮನೆಯವರಲ್ಲ, ಪೇಟೆಯ ಜಿನಸಿನ ಅಂಗಡಿಯವರು.

2

ಮನೆಯವರನ್ನು ಕೇಳಿದರೆ "ನಾವು ಐದು ಜನ" ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

3

ನಾಗರಪಂಚಮಿಯ ಬೆಳಿಗ್ಗೆ ಈ ಮನೆಯಿಂದ ಎರಡು ಗುಂಪು ಹೊರಡುತ್ತದೆ. ದೊಡ್ಡವರಿಬ್ಬರು ಬೈಕಿನಲ್ಲಿ ಒಂದು ದಾರಿ. ತಾಯಿ, ತಮ್ಮ, ಚಿಕ್ಕವಳು ಆಟೋರಿಕ್ಷಾದಲ್ಲಿ ಇನ್ನೊಂದು ದಾರಿ. ನಡುವಿನವಳು ಗಂಡನ ಮನೆಯಿಂದ ಬಂದಿದ್ದರೆ ಅವಳೂ ರಿಕ್ಷಾದಲ್ಲಿ. ಎರಡೂ ಕಡೆಯವರ ಚೀಲದಲ್ಲಿ ಅದೇ ಸಾಮಾನು: ಹಾಲು, ಸೀಯಾಳ, ಅರಸಿನ ಪುಡಿ, ಹಿಂಗಾರ.

ಅಳಿಯಸಂತಾನದವರಲ್ಲಿ ಕುಟುಂಬ ತಾಯಿಯಿಂದ ಬರುತ್ತದೆ. ನಾಗನೂ ಹಾಗೆಯೇ. ದೊಡ್ಡವರಿಬ್ಬರ ನಾಗ ಅವರ ತೀರಿಹೋದ ತಾಯಿಯ ತರವಾಡಿನ ಬನದಲ್ಲಿದೆ. ಉಳಿದ ಮೂವರದು ಬೇರೆ ಬನ.

ಮಧ್ಯಾಹ್ನಕ್ಕೆ ಎಲ್ಲರೂ ವಾಪಸು. ಅರಸಿನ ಎಲೆಯ ಗಟ್ಟಿ ಬೆಂದಿರುತ್ತದೆ. ಯಾವ ಗುಂಪು ತಡವಾಗಿ ಬರುತ್ತದೋ ಅದಕ್ಕಾಗಿ ಇನ್ನೊಂದು ಗುಂಪು ಕಾಯುತ್ತದೆ.

4

ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಸಂತಾನದಲ್ಲಿ ಮುಂದುವರಿದವರು: ಇಷ್ಟು ಸೇರಿದರೆ ಒಂದು ಕವರು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಹಾಗೆ ಹೇಳುತ್ತಿತ್ತು. ಮಕ್ಕಳ ತಂದೆ ಯಾರು ಎಂಬ ಪ್ರಶ್ನೆಗೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ. ವಿಧವೆಯ ಮದುವೆಗೂ ತಡೆಯಿರಲಿಲ್ಲ. ಬಂಟರಲ್ಲಿ ಅದಕ್ಕೆ ಬುಡುದಾರೆ ಎಂಬ ಬೇರೆ ಧಾರೆಯೇ ಇತ್ತು ಎಂದು ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಬಗೆಗಿನ 1909ರ ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಎರಡು ಧಾರೆಯಲ್ಲಿ ಹುಟ್ಟಿದ ಮಕ್ಕಳು ಒಂದೇ ಕವರು.

ಒಬ್ಬ ತಂದೆಗೆ ಇಬ್ಬರು ಹೆಂಡಿರಲ್ಲಿ ಹುಟ್ಟಿದವರು ಮಾತ್ರ ಎರಡು ಕುಟುಂಬ. ಅವರ ನಡುವೆ ಕುಟುಂಬದ ಆಸ್ತಿಯಿಲ್ಲ, ಸೂತಕವಿಲ್ಲ, ನಾಗನಿಲ್ಲ.

5

ಬಳಿ, ಅಂದರೆ ಕುಲದ ಹೆಸರು, ಅದೂ ತಾಯಿಯಿಂದಲೇ. ಒಂದೇ ಬಳಿಯವರು ಮದುವೆಯಾಗುವಂತಿಲ್ಲ. ಹಾಗಾದರೆ ಒಬ್ಬ ತಂದೆಯ, ಬೇರೆ ಬೇರೆ ತಾಯಂದಿರ ಮಕ್ಕಳಿಗೆ ಬಳಿಯ ಅಡ್ಡಿಯಿಲ್ಲ ಎಂದಾಯಿತು. ತಡೆಯುವ ನಿಯಮ ಯಾವುದು ಎಂದು ಊರಿನ ಒಬ್ಬ ಹಿರಿಯರನ್ನು ಕೇಳಿದೆ.

"ಎಂತ ಮಾರಾಯ್ರೆ, ತಂಗಿ ಅಲ್ಲವಾ?"

6

ಅಳಿಯಸಂತಾನ ಬಂದದ್ದಕ್ಕೆ ಒಂದು ಕಥೆ ಹೇಳುತ್ತಾರೆ. ಕುಂಡೋದರನೆಂಬ ಭೂತ ನರಬಲಿ ಕೇಳಿತು. ಅರಸನ ಹೆಂಡತಿ ತನ್ನ ಮಕ್ಕಳನ್ನು ಕೊಡಲೊಪ್ಪಲಿಲ್ಲ. ತಂಗಿ ಸತ್ಯವತಿ ತನ್ನ ಮಗನನ್ನು ಕೊಟ್ಟಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು. ಅವನೇ ಭೂತಾಳ ಪಾಂಡ್ಯ. ಅಂದಿನಿಂದ ಆಸ್ತಿ ಅಳಿಯನಿಗೆ.

ಅಣ್ಣನಿಗಾಗಿ ಮಗನನ್ನೇ ಕೊಡಲು ಹೊರಟ ತಂಗಿಯ ಮೇಲೆ ಒಂದು ಸೀಮೆಯ ಆಸ್ತಿ ಕಾನೂನು ನಿಂತಿತ್ತು. ಹುಡುಗನನ್ನು ಯಾರೂ ಕೇಳಿದಂತಿಲ್ಲ.

7

ಈ ಸೀಮೆಯೂ ಸೇರಿದ್ದ ಕೆನರಾ 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಆಗ ಇಂಗ್ಲೆಂಡಿನ ಕಾನೂನಿನಲ್ಲಿ ಅಣ್ಣನ ಭೂಮಿ ಮಲತಮ್ಮನಿಗೆ ಹೋಗುವಂತಿರಲಿಲ್ಲ. ಬೇರೆ ವಾರಸುದಾರರಿಲ್ಲದೆ ಭೂಮಿ ದೊರೆಯ ಪಾಲಾದರೂ ಸರಿಯೇ, ಅವನಿಗೆ ಮಾತ್ರ ಇಲ್ಲ. 1833ರ ಕಾಯ್ದೆ ಬಂದ ಮೇಲೆ ಅದು ಬದಲಾಯಿತು.

ಆ ನಡುವಿನ ಕಲೆಕ್ಟರುಗಳು ಮಂಗಳೂರಿನಲ್ಲಿ ಕೂತು ಇಲ್ಲಿನ ಕುಟುಂಬಗಳ ಕಾಗದ ನೋಡಿದರು. ಏನೆಂದುಕೊಂಡರೋ.

8

ಐವರ ಓದು. ದೊಡ್ಡವರಿಬ್ಬರು ಕನ್ನಡ ಮಾಧ್ಯಮ. ಕೊನೆಯ ಇಬ್ಬರು ಮಲಯಾಳ ಮಾಧ್ಯಮ. ಸರಕಾರಿ ಕೆಲಸದ ಪರೀಕ್ಷೆಗೆ ಅನುಕೂಲವೆಂದು ತಂದೆ ಹಾಗೆ ಮಾಡಿದರಂತೆ. ನಡುವಿನವಳು ಮಲಯಾಳದಲ್ಲಿ ಅಕ್ಷರ ಕಲಿತಳು, ಆಮೇಲೆ ಕನ್ನಡ ಶಾಲೆಗೆ ಹೋದಳು. ಎರಡೂ ಲಿಪಿ ಸರಾಗ ಓದುವವಳು ಅವಳೊಬ್ಬಳೇ.

ಬೆಳಿಗ್ಗೆ ಚಾವಡಿಯಲ್ಲಿ ದೊಡ್ಡವನು ಕನ್ನಡ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಾನೆ. ಪಂಚಾಯತಿನಿಂದ ಮಲಯಾಳದ ನೋಟೀಸು ಬಂದರೆ ತಮ್ಮ ಗಟ್ಟಿಯಾಗಿ ಓದುತ್ತಾನೆ. ಓದಿದ್ದರ ಮೇಲೆ ಚರ್ಚೆ ತುಳುವಿನಲ್ಲಿ. ಕೂಲಿಯ ಲೆಕ್ಕ ಕನ್ನಡದಲ್ಲಿ.

9

ದೊಡ್ಡವನೂ ತಮ್ಮನೂ ಓದಬಲ್ಲ ಒಂದೇ ಕಾಗದ: ಅಡಕೆ ಮಂಡಿಯ ಚೀಟಿ. ಅದರಲ್ಲಿ ಅಂಕಿ ಮಾತ್ರ.

10

ಆಟಿ ತಿಂಗಳಲ್ಲಿ ಮಳೆ ಬಿಟ್ಟು ಬಿಸಿಲು ಬಿದ್ದ ದಿನ ಅಡಕೆಯ ಕೊಳೆರೋಗಕ್ಕೆ ಮದ್ದು ಬಿಡುತ್ತಾರೆ. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು 100 ಲೀಟರು. ಎರಡನೆಯವನು ಕಾಲಿಗೆ ತಳೆ ಹಾಕಿ ಮರ ಹತ್ತುತ್ತಾನೆ. ತಮ್ಮ ಕೆಳಗೆ ಪಂಪು ನೋಡಿಕೊಳ್ಳುತ್ತಾನೆ. ಒಂದು ಮರದ ಗೊನೆಗಳಿಗೆ ಮದ್ದು ಮುಗಿದರೆ ಅಣ್ಣ ಇಳಿಯುವುದಿಲ್ಲ. ಮರವನ್ನು ತೂಗಿ, ಪಕ್ಕದ ಮರದ ತಲೆ ಹಿಡಿದು ದಾಟುತ್ತಾನೆ.

ಅವನು ತೂಗಲು ಶುರುಮಾಡಿದೊಡನೆ ತಮ್ಮ ಪಂಪು ಬಿಟ್ಟು ಬಂದು ಎರಡು ಮರಗಳ ನಡುವೆ ನಿಲ್ಲುತ್ತಾನೆ. ಬಿದ್ದರೆ ಯಾರಿಂದಲೂ ಹಿಡಿಯಲಾಗದ ಎತ್ತರ. ಅಣ್ಣ ದಾಟಿದ ಮೇಲೆ ಪಂಪಿನ ಹತ್ತಿರ ಹೋಗುತ್ತಾನೆ. ಮುಂದಿನ ಮರಕ್ಕೆ ಮತ್ತೆ ಬರುತ್ತಾನೆ. ತಲೆಯ ಮೇಲೆಲ್ಲ ನೀಲಿ ಹನಿ.

ಯಾಕೆ ಬಂದು ನಿಲ್ಲುತ್ತೀ ಎಂದೆ.

"ಪೈಪು ಸಿಕ್ಕಿಕೊಳ್ತದೆ."

ಪೈಪು ಸಿಕ್ಕಿಕೊಂಡದ್ದನ್ನು ನಾನು ಕಾಣಲಿಲ್ಲ.

11

ಬಂಗುಡೆ ಸಾರಿನ ದಿನ. ತಾಯಿ ಮೊದಲು ದೊಡ್ಡವನಿಗೆ ಬಡಿಸುತ್ತಾರೆ, ನಡುವಿನ ತುಂಡು. ಅವನು ಅದನ್ನು ಎತ್ತಿ ಚಿಕ್ಕವಳ ತಟ್ಟೆಗೆ ಹಾಕುತ್ತಾನೆ. ತಾಯಿ ಏನೂ ಹೇಳದೆ ಇನ್ನೊಂದು ತುಂಡು ಅವನಿಗೆ ಹಾಕುತ್ತಾರೆ. ಮುಂದಿನ ಬಂಗುಡೆಯ ದಿನವೂ ಹೀಗೆ. ಮೊದಲೇ ಚಿಕ್ಕವಳಿಗೆ ಹಾಕಿಬಿಡಬಹುದಲ್ಲ ಎಂದು ನೋಡುವವರಿಗೆ ಅನಿಸುತ್ತದೆ.

ಚಿಕ್ಕವಳಿಗೆ ಈಗ ಮೂವತ್ತು ದಾಟಿದೆ.

12

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ರಕ್ತವನ್ನು ಮೂರಾಗಿ ಭಾಗ ಮಾಡಿದೆ. ತಂದೆಯೂ ತಾಯಿಯೂ ಒಂದೇ ಆದರೆ ಪೂರ್ಣ ರಕ್ತ. ತಂದೆ ಒಬ್ಬ, ತಾಯಂದಿರು ಬೇರೆಯಾದರೆ ಅರ್ಧ ರಕ್ತ. ತಾಯಿ ಒಬ್ಬಳು, ತಂದೆಯರು ಬೇರೆಯಾದರೆ ಮೂರನೆಯ ಬಗೆ, ಒಂದೇ ಗರ್ಭದವರು.

18ನೆಯ ಕಲಮು: ಸಂಬಂಧ ಒಂದೇ ತೆರನಾಗಿದ್ದರೆ ಪೂರ್ಣ ರಕ್ತದವರು ಮುಂದೆ, ಅರ್ಧ ರಕ್ತದವರು ಹಿಂದೆ.

ವಾರಸುದಾರರ ಪಟ್ಟಿಯ ಕೆಳಗೆ ಒಂದು ವಿವರಣೆ ಇದೆ. ಈ ಪಟ್ಟಿಯಲ್ಲಿ ಸಹೋದರ, ಸಹೋದರಿ ಎಂದಲ್ಲಿ ಒಂದೇ ಗರ್ಭದ, ಬೇರೆ ತಂದೆಯ ಸಹೋದರ ಸಹೋದರಿಯರು ಸೇರುವುದಿಲ್ಲ ಎಂದು ಅದರ ತಾತ್ಪರ್ಯ.

ಹಳೆಯ ಕಟ್ಟಿನಲ್ಲಿ ಒಂದೇ ಕವರು ಆಗಿದ್ದವರು ಇವರು.

13

ಕೇರಳದಲ್ಲಿ ಅಳಿಯಸಂತಾನದ ಅವಿಭಕ್ತ ಕುಟುಂಬವನ್ನು ರದ್ದುಮಾಡಿದ್ದು 1975ರ ಕಾಯ್ದೆ. ಜಾರಿಗೆ ಬಂದದ್ದು 1976ರ ಡಿಸೆಂಬರ್ 1ರಂದು. ಅಂದು ಕುಟುಂಬದ ಆಸ್ತಿ ಕಾಗದದ ಮೇಲೆ ತಲೆಗೊಂದು ಪಾಲಾಯಿತು.

ನಾಗಬನಕ್ಕೆ ಹೋಗುವ ದಾರಿ ಬದಲಾಗಲಿಲ್ಲ.

14

ಬದಿಯಡ್ಕದ ಮನೆಯವರನ್ನು ಕಾಯ್ದೆಯ ಲೆಕ್ಕದಲ್ಲಿ ಕೂರಿಸಿ ನೋಡಿದೆ. ದೊಡ್ಡವರಿಬ್ಬರಿಗೂ ಕೊನೆಯ ಇಬ್ಬರಿಗೂ ನಡುವೆ ಅರ್ಧ ರಕ್ತ. ಕೊನೆಯ ಇಬ್ಬರಿಗೂ ನಡುವಿನವಳಿಗೂ ಗರ್ಭ ಒಂದು, ಆದರೆ ಪಟ್ಟಿಯಲ್ಲಿಲ್ಲ. ದೊಡ್ಡವರಿಬ್ಬರಿಗೂ ನಡುವಿನವಳಿಗೂ ಯಾವ ರಕ್ತವೂ ಇಲ್ಲ.

ದೊಡ್ಡವನು ಮದುವೆಯಾಗಿಲ್ಲ. ಜ್ವರ ಬಂದಾಗ ಮೊದಲು ಫೋನು ಮಾಡುವುದು ನಡುವಿನವಳಿಗೆ.

15

ಪತ್ರಿಕೆಯ ನಿಧನ ವಾರ್ತೆಗಳನ್ನು ಸ್ವಲ್ಪ ಕಾಲ ಕತ್ತರಿಸಿ ಇಟ್ಟುಕೊಂಡೆ. "ಮೃತರು ಪತ್ನಿ, ಮಕ್ಕಳು, ಸಹೋದರರು, ಸಹೋದರಿಯರು ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ." ನಾನು ಕತ್ತರಿಸಿದವುಗಳಲ್ಲಿ ಅರ್ಧ ಸಹೋದರ ಒಬ್ಬನೂ ಇಲ್ಲ.

16

ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಇಲ್ಲ. ಮನೆಯ ಚಾವಡಿಗಳಲ್ಲಿ, ದೇವಸ್ಥಾನಗಳಲ್ಲಿ ತಾಳಮದ್ದಳೆ. ಕುಂಬಳೆ ಇಲ್ಲಿಗೆ ಹತ್ತಿರ. ರಾಮಾಯಣದ ಯಕ್ಷಗಾನ ಪ್ರಸಂಗಗಳು ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಿಂತಿವೆ. ಕರ್ತೃ ಅವನೇ ಹೌದೋ ಅಲ್ಲವೋ ಎಂದು ವಿದ್ವಾಂಸರು ಸಾಕಷ್ಟು ಜಗಳಾಡಿದ್ದಾರೆ. ಕೇಳುವವರಿಗೆ ಆ ಚಿಂತೆ ಇಲ್ಲ.

ಪಾದುಕಾ ಪ್ರದಾನದಲ್ಲಿ ಭರತ ಅಳುತ್ತಾನೆ. ತಾಯಿ ಗಳಿಸಿಕೊಟ್ಟ ರಾಜ್ಯವನ್ನು ಇನ್ನೊಬ್ಬ ತಾಯಿಯ ಮಗನಿಗೆ ಹಿಂದಿರುಗಿಸಲು ಕಾಡಿಗೆ ಬಂದಿದ್ದಾನೆ. ಅವನು ಎಲ್ಲರಿಗೂ ಗೊತ್ತು. ನನಗೆ ವಿಚಿತ್ರವಾಗಿ ಕಂಡದ್ದು ಸುಮಿತ್ರೆಯ ಅವಳಿ ಮಕ್ಕಳು. ಲಕ್ಷ್ಮಣ ಹೋದದ್ದು ಕೌಸಲ್ಯೆಯ ಮಗನ ಹಿಂದೆ. ಶತ್ರುಘ್ನ ಹೋದದ್ದು ಕೈಕೇಯಿಯ ಮಗನ ಹಿಂದೆ. ಒಂದೇ ಹೊಟ್ಟೆಯಲ್ಲಿ ಒಟ್ಟಿಗೆ ಇದ್ದವರು ಹದಿನಾಲ್ಕು ವರ್ಷ ದೂರ ದೂರ ಇದ್ದರು. ಅದರ ಬಗ್ಗೆ ಯಾವ ಅರ್ಥಧಾರಿಯೂ ಅತ್ತದ್ದನ್ನು ನಾನು ಕೇಳಿಲ್ಲ.

17

ವಾಲಿ, ಸುಗ್ರೀವ: ತಂದೆಯರು ಇಂದ್ರ ಮತ್ತು ಸೂರ್ಯ, ತಾಯಿ ಒಬ್ಬಳೇ. ಹೊಡೆದಾಡಿಕೊಂಡರು. ವಾಲಿಯ ಅರ್ಥಕ್ಕೆ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಈ ಸೀಮೆಯವರೇ. ಅವರ ವಾಲಿಯನ್ನು ಕೇಳಿದವರು ವಾಲಿಯದೇ ಸರಿ ಎನ್ನುತ್ತ ಮನೆಗೆ ಹೋಗುತ್ತಿದ್ದರಂತೆ.

ಕರ್ಣ: ಅವನೂ ಒಂದೇ ಗರ್ಭದವನು. ಪಟ್ಟಿಯಲ್ಲಿಲ್ಲ.

18

ಯಕ್ಷನ ಕೊಳದ ಬಳಿ ನಾಲ್ವರು ತಮ್ಮಂದಿರು ಬಿದ್ದಿದ್ದಾರೆ. ಒಬ್ಬನನ್ನು ಮಾತ್ರ ಬದುಕಿಸುತ್ತೇನೆ, ಯಾರು ಬೇಕು ಎಂದು ಯಕ್ಷ ಕೇಳುತ್ತಾನೆ. ಧರ್ಮರಾಯ ಭೀಮನನ್ನು ಕೇಳುವುದಿಲ್ಲ, ಅರ್ಜುನನನ್ನು ಕೇಳುವುದಿಲ್ಲ. ನಕುಲ ಎನ್ನುತ್ತಾನೆ. ಕುಂತಿಗೆ ತಾನೊಬ್ಬ ಉಳಿದಿದ್ದೇನೆ, ಮಾದ್ರಿಗೂ ಒಬ್ಬ ಉಳಿಯಲಿ ಎಂಬುದು ಅವನ ಲೆಕ್ಕ.

ಮಾದ್ರಿ ಸತ್ತು ಎಷ್ಟೋ ವರ್ಷವಾಗಿತ್ತು. ಲೆಕ್ಕದಲ್ಲಿ ಇನ್ನೂ ಇದ್ದಳು.

19

ಬದಿಯಡ್ಕದ ಮನೆಯ ಚಾವಡಿಯಲ್ಲಿ ಎರಡು ಫೋಟೋ. ಮಾಲೆ ಹಾಕಿದ ತಂದೆ, ಮಾಲೆ ಹಾಕಿದ ಮೊದಲ ತಾಯಿ. ಪಕ್ಕದ ಕೋಣೆಯಲ್ಲಿ ಮೂರನೆಯದು, ನಡುವಿನವಳ ತಂದೆಯದು. ಅದು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದ ಪಾಸ್‌ಪೋರ್ಟ್ ಅಳತೆಯ ಚಿತ್ರ. ಮುಖ ಸ್ವಲ್ಪ ಮಸುಕು. ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ತಂದವನು ಎರಡನೆಯವನು. ಅವನು ಆ ಮನುಷ್ಯನನ್ನು ನೋಡಿಲ್ಲ.

ಮಾಲೆ ಬದಲಿಸುವ ದಿನ ಮೂರಕ್ಕೂ ಬದಲಿಸುತ್ತಾರೆ.

20

ನೆರೆಮನೆಯವರು ಮುಸ್ಲಿಮರು. ಅಲ್ಲಿಯೂ ಅಣ್ಣನನ್ನು "ಇಚ್ಚ" ಎಂದು ಕರೆಯುವ ಮಕ್ಕಳಲ್ಲಿ ತಾಯಿ ಬೇರೆಯಾದವರಿದ್ದಾರೆ. ಅವರ ವಾರಸು ನಿಯಮದಲ್ಲೂ ಒಡಹುಟ್ಟಿದವರು ಮೂರು ಬಗೆ. ಮೃತರಿಗೆ ಮಕ್ಕಳೂ ತಂದೆಯೂ ಇಲ್ಲದಾಗ ಲೆಕ್ಕ ಹೀಗೆ. ತಂದೆ ತಾಯಿ ಇಬ್ಬರೂ ಒಂದೇ ಆದವರಲ್ಲಿ, ಅಥವಾ ತಂದೆ ಮಾತ್ರ ಒಂದೇ ಆದವರಲ್ಲಿ, ಗಂಡಿಗೆ ಎರಡು ಪಾಲು ಬಂದರೆ ಹೆಣ್ಣಿಗೆ ಒಂದು. ತಾಯಿ ಮಾತ್ರ ಒಂದೇ ಆದವರಿಗೆ ಹಾಗಲ್ಲ. ಒಬ್ಬರಿದ್ದರೆ ಆರರಲ್ಲಿ ಒಂದು. ಹೆಚ್ಚು ಜನರಿದ್ದರೆ ಎಲ್ಲ ಸೇರಿ ಮೂರರಲ್ಲಿ ಒಂದು. ಅದನ್ನು ಗಂಡು ಹೆಣ್ಣು ಸಮನಾಗಿ ಹಂಚಿಕೊಳ್ಳುತ್ತಾರೆ.

ತಾಯಿಯ ಕಡೆಯಿಂದ ಬಂದರೆ ಅಣ್ಣ ತಂಗಿಯರಿಗೆ ಸರಿಸಮ.

21

ಹಾಲಿನ ಸಂಬಂಧ ಎಂಬುದೂ ಅವರಲ್ಲಿದೆ. ಒಬ್ಬ ಹೆಂಗಸು ಬೇರೆಯವರ ಕೂಸಿಗೆ ಎರಡು ವರ್ಷದೊಳಗೆ ಐದು ಸಲ ಹಾಲೂಡಿದರೆ, ಈ ಸೀಮೆಯಲ್ಲಿ ನಡೆಯುವ ಶಾಫಿ ಪಂಥದ ಪ್ರಕಾರ, ಆ ಕೂಸು ಅವಳ ಮಕ್ಕಳಿಗೆ ಅಣ್ಣ ಅಥವಾ ತಂಗಿ. ಮದುವೆ ನಿಷಿದ್ಧ. ಆಸ್ತಿಯಲ್ಲಿ ಪಾಲಿಲ್ಲ.

22

ಕರಾಡ ಬ್ರಾಹ್ಮಣರ ಮದುವೆಗೆ ಹೋಗಿದ್ದೆ. ಅವರು ಋಗ್ವೇದಿಗಳು, ಆಶ್ವಲಾಯನ ಸೂತ್ರದವರು. ಲಾಜಹೋಮದಲ್ಲಿ ವಧುವಿನ ಬೊಗಸೆಗೆ ಅರಳು ಹಾಕಬೇಕಾದವನು ಅವಳ ಅಣ್ಣ ಅಥವಾ ತಮ್ಮ. ಅವನಿಲ್ಲದಿದ್ದರೆ ಅವನ ಸ್ಥಾನದಲ್ಲಿ ನಿಲ್ಲುವವನು ಹಾಕಬಹುದು ಎಂದು ಸೂತ್ರದಲ್ಲೇ ಇದೆ. ಆ ಸ್ಥಾನಕ್ಕೆ ರಕ್ತ ಎಷ್ಟಿರಬೇಕು ಎಂದು ಸೂತ್ರಕಾರ ಬರೆದಿಲ್ಲ.

ಅರಳು ಹಾಕಿದ ಹುಡುಗ ಒಂದು ಕೈಯಲ್ಲಿ ಮೊಬೈಲು ಹಿಡಿದಿದ್ದ. ಪುರೋಹಿತರು ಗದರಿದ ಮೇಲೆ ಜೇಬಿಗೆ ಹಾಕಿದ.

23

ನಡುವಿನವಳ ಮದುವೆಯ ಕಾಗದ ನೋಡಿದೆ. ವಧು ಯಾರ ಮಗಳು ಎಂಬಲ್ಲಿ "ದಿವಂಗತ" ಎಂದು ಮೊದಲ ತಂದೆಯ ಹೆಸರು. ಕೆಳಗೆ ಆಮಂತ್ರಿಸುವವರು ಎಂಬಲ್ಲಿ ಎರಡನೆಯ ತಂದೆ, ತಾಯಿ, ಅಣ್ಣಂದಿರು, ತಮ್ಮ, ತಂಗಿ. ಐದು ಜನ ಮಕ್ಕಳಲ್ಲಿ ನಾಲ್ವರಿಗೆ ಒಂದು ಇನಿಶಿಯಲ್ಲು, ಅವಳಿಗೆ ಬೇರೆ.

ಮುದ್ರಿಸಿದವರು ಇದು ತಪ್ಪಿರಬೇಕೆಂದು ತಿದ್ದಿದ್ದರಂತೆ. ದೊಡ್ಡವನು ಹೋಗಿ ಮೊದಲಿನಂತೆ ಮಾಡಿಸಿದ.

24

ಸಿರಿಯ ಪಾಡ್ದನ, ತುಳುವಿನ ಹಾಡುಗಥೆ. ಬಸ್ರೂರಿನ ಕಾಂತು ಪೂಂಜನಿಂದ ಸಿರಿಗೆ ಮಗ ಕುಮಾರ. ಗಂಡನನ್ನು ಬಿಟ್ಟು ಬರುತ್ತಾಳೆ. ಕೊಡ್ಸರ ಆಳ್ವನನ್ನು ಮದುವೆಯಾಗುತ್ತಾಳೆ, ಮಗಳು ಸೊನ್ನೆ. ಕುಮಾರ ಅದಕ್ಕೆ ಮೊದಲೇ ಮಾಯ ಸೇರಿದ್ದಾನೆ. ಅಣ್ಣ ತಂಗಿ ಒಬ್ಬರನ್ನೊಬ್ಬರು ನೋಡಿಲ್ಲ.

ಕವತ್ತಾರು ಮೊದಲಾದ ಕಡೆ ಹುಣ್ಣಿಮೆಯ ರಾತ್ರಿ ಸಿರಿಜಾತ್ರೆ. ಹೆಂಗಸರ ಮೈಮೇಲೆ ಸಿರಿ ಬರುತ್ತಾಳೆ, ಸೊನ್ನೆ ಬರುತ್ತಾಳೆ, ಸೊನ್ನೆಯ ಅವಳಿ ಮಕ್ಕಳು ಅಬ್ಬಗ ದಾರಗ ಬರುತ್ತಾರೆ. ಅವರನ್ನು ಮಾತನಾಡಿಸುವವನು, ಹೆಸರು ಕೇಳುವವನು, ಸಮಾಧಾನ ಮಾಡುವವನು ಕುಮಾರ. ಕಥೆಯಲ್ಲಿ ಭೇಟಿಯಾಗದವರು ಜಾತ್ರೆಯಲ್ಲಿ ಭೇಟಿಯಾಗುತ್ತಾರೆ.

ಗೋಪಾಲ ನಾಯ್ಕರು ಹಾಡಿದ ಸಿರಿಯನ್ನು ಫಿನ್ಲೆಂಡಿನ ಲೌರಿ ಹೊಂಕೊ 1998ರಲ್ಲಿ ಪ್ರಕಟಿಸಿದರು. 15,683 ಸಾಲುಗಳು.

25

ಆಟಿ ತಿಂಗಳಲ್ಲಿ ಹೊಸ ಮದುಮಗಳು ತವರಿಗೆ ಬಂದು ಕೂರಬೇಕು. ನಡುವಿನವಳ ಗಂಡನ ಮನೆ ಗಡಿಯಾಚೆ, ವಿಟ್ಲದ ಕಡೆ. ಕರೆದು ತರಲು ಹೋದವನು ದೊಡ್ಡವನು. ಕಾಸರಗೋಡು–ಪುತ್ತೂರು ಬಸ್ಸು, ಬದಿಯಡ್ಕದಲ್ಲಿ ಹತ್ತಿದರೆ ಪೆರ್ಲ, ಅಡ್ಕಸ್ಥಳ ದಾಟಿ ಕರ್ನಾಟಕ. ಅವನಿಗೆ ಬಸ್ಸಿನಲ್ಲಿ ತಲೆಸುತ್ತು ಬರುತ್ತದೆ. ಲಿಂಬೆಹಣ್ಣು ಮೂಸುತ್ತ ಹೋದ.

26

2020ರ ಮಾರ್ಚ್ ಕೊನೆಗೆ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿಯಿತು. ನಡುವಿನವಳು ಆಗ ಬಾಣಂತಿ, ವಿಟ್ಲದಲ್ಲಿ. ತಾಯಿ ಬಾಣಂತಿ ಮದ್ದು ಕಾಯಿಸಿ ಡಬ್ಬಿಗೆ ತುಂಬಿದರು. ದೊಡ್ಡವನು ಡಬ್ಬಿ ಹಿಡಿದು ಮಣ್ಣಿನ ರಾಶಿಯ ತನಕ ಹೋದ. ಆಚೆಯಿಂದ ಭಾವ ಬಂದಿದ್ದರು. ನಡುವೆ ನಿಂತಿದ್ದ ಪೊಲೀಸರು ಕೇಳಿದರು.

"ಯಾರಿಗೆ ಇದು?"

"ತಂಗಿಗೆ."

"ಸ್ವಂತ ತಂಗಿಯಾ?"

"ಹೌದು."

ಡಬ್ಬಿಯ ಮುಚ್ಚಳ ತೆಗೆದು ತೋರಿಸಬೇಕಾಯಿತು. ಇದನ್ನು ನನಗೆ ಹೇಳಿದ್ದು ಭಾವ.

27

ಜಗಳ ಇಲ್ಲವೆಂದಲ್ಲ. ತೋಟಕ್ಕೆ ನೀರು ಬಿಡುವ ಸರದಿಯ ಮೇಲೆ ಇಬ್ಬರು ಮಾತು ಬಿಟ್ಟರು. ಒಂದು ಬೇಸಗೆ ಪೂರ್ತಿ ಒಂದೇ ಚಾವಡಿಯಲ್ಲಿ ಬೆನ್ನು ತಿರುಗಿಸಿ ಕೂತರು. ಆ ಇಬ್ಬರು ದೊಡ್ಡವನು ಮತ್ತು ಎರಡನೆಯವನು, ಪೂರ್ಣ ರಕ್ತದವರು. ಮಾತು ಸೇರಿಸಿದವಳು ನಡುವಿನವಳು. ಏನು ಹೇಳಿದಳೆಂದು ಇಬ್ಬರೂ ಹೇಳುವುದಿಲ್ಲ.

28

ತಂದೆ ತೀರಿದ ಮೇಲೆ ತಾಲೂಕು ಕಚೇರಿಯಿಂದ ವಾರಸುದಾರರ ಸರ್ಟಿಫಿಕೇಟು ತರಬೇಕಾಯಿತು. ಅದರಲ್ಲಿ ಹೆಂಡತಿ, ಮೂವರು ಗಂಡುಮಕ್ಕಳು, ಒಬ್ಬ ಮಗಳು. ನಡುವಿನವಳ ಹೆಸರಿಲ್ಲ, ಕಾಯ್ದೆಯಲ್ಲಿ ಮಲಮಗಳು ಮಗಳಲ್ಲ. ಮಲತಾಯಿಯ ಆಸ್ತಿಗೆ ಮಲಮಗ ನೇರವಾಗಿ ಮಗನಲ್ಲ, ಗಂಡನ ಕಡೆಯ ವಾರಸುದಾರನಾಗಿ ಮಾತ್ರ ಬರುತ್ತಾನೆ ಎಂದು ಸುಪ್ರೀಂ ಕೋರ್ಟು 1987ರಲ್ಲಿ ಹೇಳಿದೆ. ಎರಡೂ ಕಡೆಗೆ ಒಂದೇ ತಕ್ಕಡಿ.

ಪಾಲುಪಟ್ಟಿ ಬರೆಯುವ ದಿನ ನಾಲ್ವರೂ ಸೇರಿ ರಸ್ತೆಬದಿಯ ಹತ್ತು ಸೆಂಟು ಜಾಗವನ್ನು ಅವಳ ಹೆಸರಿಗೆ ದಾನಪತ್ರ ಮಾಡಿದರು. ಅವಳು ಬೇಡವೆಂದಳು. ಎರಡನೆಯವನಿಗೆ ಸಿಟ್ಟು ಬಂತು. ಸಹಿ ಆಯಿತು. ಆ ಜಾಗದಲ್ಲಿ ಈಗ ತಮ್ಮ ಬಾಳೆ ನೆಟ್ಟಿದ್ದಾನೆ. ಗೊನೆ ಮಾರಿದ ಹಣ ಅವಳ ಬ್ಯಾಂಕಿಗೆ ಹೋಗುತ್ತದೆ.

29

ಹೋದ ವರ್ಷ ದೊಡ್ಡವನು ತನ್ನ ಪಾಲಿಗೆ ವೀಲುನಾಮೆ ಬರೆಸಿದ. ಹಾಗೇ ಬಿಟ್ಟರೆ ಕಾಯ್ದೆಯ ಪ್ರಕಾರ ಎಲ್ಲವೂ ಎರಡನೆಯವನಿಗೆ. ವೀಲುನಾಮೆಯಲ್ಲಿ ನಾಲ್ಕು ಸಮಪಾಲು. ನಾಲ್ಕು ಹೆಸರುಗಳ ಮುಂದೆಯೂ ತಮ್ಮ, ತಂಗಿ ಎಂದಷ್ಟೇ ಬರೆಸಿದ. ಬರೆಯುವವರು "ಸಂಬಂಧ ಸ್ಪಷ್ಟವಾಗಿ ಹಾಕಬೇಕಲ್ಲ" ಎಂದರು. "ಹಾಕಿದೆಯಲ್ಲ" ಎಂದ.

ಎರಡನೆಯವನಿಗೆ ಮೊದಲೇ ತಿಳಿಸಿದ್ದ. ಅವನು ಕೇಳಿದ್ದು ಒಂದೇ: ಪಂಪು ಯಾರ ಪಾಲಿಗೆ?

30

ಓದುವವರಿಗೆ ಉಪಯೋಗಕ್ಕೆ ಬಂದೀತೆಂದು ಇದನ್ನೂ ಬರೆದಿಡುತ್ತೇನೆ. ವೀಲುನಾಮೆಗೆ ಸ್ಟಾಂಪು ಕಾಗದ ಬೇಡ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬರೆಸಿದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ಪಾಲು ಪಡೆಯುವವರನ್ನು ಸಾಕ್ಷಿ ಹಾಕಿಸಬೇಡಿ. ಮುಸ್ಲಿಮರಾದರೆ ವಾರಸುದಾರರಲ್ಲದವರಿಗೆ ಮೂರರಲ್ಲಿ ಒಂದು ಭಾಗದವರೆಗೆ ಬರೆಯಬಹುದು. ಪಟ್ಟಿಯಲ್ಲಿಲ್ಲದ ಅಣ್ಣನೋ ತಂಗಿಯೋ ನಿಮ್ಮ ಮನೆಯಲ್ಲಿದ್ದರೆ, ಕೈ ಗಟ್ಟಿ ಇರುವಾಗಲೇ ಬರೆದಿಡಿ.